ಹಂಗಿನ ಲೆಕ್ಕ

ಅಮೆರಿಕದ ಕಾದಂಬರಿಕಾರ ಮಾರಿಯೋ ಪೂಜೊ ೧೯೬೯ರಲ್ಲಿ ಪ್ರಕಟಿಸಿದ ‘ದಿ ಗಾಡ್‌ಫಾದರ್’ ಕಾದಂಬರಿಯ ಆರಂಭದಲ್ಲಿಯೇ ಒಬ್ಬ ನೊಂದ ತಂದೆ ಬರುತ್ತಾನೆ. ಬೊನಾಸೆರಾ ಎಂದು ಅವನ ಹೆಸರು. ಸತ್ತವರ ದೇಹವನ್ನು ತೊಳೆದು, ಸಿಂಗರಿಸಿ, ಅಂತ್ಯಸಂಸ್ಕಾರಕ್ಕೆ ಅಣಿಮಾಡಿ ಕೊಡುವುದು ಅವನ ವೃತ್ತಿ. ಅವನ ಮಗಳನ್ನು ಇಬ್ಬರು ದುರುಳ ಯುವಕರು ಹೊಡೆದು ವಿರೂಪಗೊಳಿಸಿದ್ದಾರೆ. ನ್ಯಾಯಾಲಯವು ಅವರಿಗೆ ಶಿಕ್ಷೆಯನ್ನೇನೋ ವಿಧಿಸುತ್ತದೆ. ಆದರೆ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಅವರನ್ನು ನಗುನಗುತ್ತ ಮನೆಗೆ ಹೋಗಲು ಬಿಡುತ್ತದೆ. ಜೀವಮಾನವೆಲ್ಲ ಕಾಯಿದೆಗೆ ತಲೆಬಾಗಿ ನಡೆದ ಆ ತಂದೆ ಆಗ ನೇರವಾಗಿ ಡಾನ್ ಕೊರ್ಲಿಯೋನನ ಮನೆಗೆ ಬರುತ್ತಾನೆ. ಆ ದಿನ ಡಾನ್‌ನ ಮಗಳ ಮದುವೆ. ಮಗಳ ಮದುವೆಯ ದಿನ ಬೇಡಿ ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬುದು ಸಿಸಿಲಿ ದ್ವೀಪದವರ ಸಂಪ್ರದಾಯ.

ಬೊನಾಸೆರಾ ತನ್ನ ಅಹವಾಲನ್ನು ಹೇಳಿ, ಎಷ್ಟು ಹಣ ಕೊಡಬೇಕೆಂದು ಕೇಳುತ್ತಾನೆ. ಡಾನ್‌ಗೆ ಆ ಪ್ರಶ್ನೆಯೇ ಅಪಮಾನವಾಗಿ ತೋರುತ್ತದೆ. ಅವನಿಗೆ ಹಣ ಬೇಡ, ಸ್ನೇಹ ಬೇಕು. ಬೊನಾಸೆರಾ ಮಣಿದು ಅವನ ಸ್ನೇಹವನ್ನು ಬೇಡಿದೊಡನೆ ಕೆಲಸ ಕೈಗೂಡುತ್ತದೆ. ಒಂದಲ್ಲ ಒಂದು ದಿನ ತಾನೂ ಒಂದು ಸಣ್ಣ ಉಪಕಾರವನ್ನು ಕೇಳಬಹುದು, ಕೇಳದೆಯೂ ಇರಬಹುದು ಎಂದಷ್ಟೇ ಡಾನ್ ಹೇಳಿ ಕಳುಹಿಸುತ್ತಾನೆ. ಆ ದಿನ ಬರುವವರೆಗೆ ಬೊನಾಸೆರಾ ನೆಮ್ಮದಿಯಿಂದ ನಿದ್ರಿಸಲಾರ. ಏನು ಕೇಳಿಯಾನು? ಯಾರ ಹೆಣವನ್ನು ಮುಚ್ಚಿಡಲು ಹೇಳಿಯಾನು? ಕಡೆಗೊಂದು ರಾತ್ರಿ ಕರೆ ಬರುತ್ತದೆ. ಡಾನ್ ತಂದು ಮುಂದಿಟ್ಟದ್ದು ಗುಂಡುಗಳಿಂದ ಜರ್ಝರಿತವಾದ ತನ್ನ ಹಿರಿಯ ಮಗನ ಶರೀರವನ್ನು. ಹೆತ್ತ ತಾಯಿ ನೋಡಬಹುದಾದಂತೆ ಆ ಮುಖವನ್ನು ಸರಿಪಡಿಸಿಕೊಡಬೇಕೆಂಬುದೇ ಅವನ ಬೇಡಿಕೆ.

ಪರಸ್ಪರ ಹಗೆ ಸಾಧಿಸುವ ಪಾತಕಿ ಮನೆತನಗಳ ಕಥೆಗಳು ಪ್ರಪಂಚದಲ್ಲಿ ಲೆಕ್ಕವಿಲ್ಲದಷ್ಟಿವೆ. ಕೋವಿ, ಕಾರು, ಮದ್ಯ, ಜೂಜು ಇವುಗಳಿಲ್ಲದೆ ಅವು ನಡೆಯವು. ಆದರೆ ಪೂಜೊನ ಕಾದಂಬರಿ ಈ ಸರಕಿನ ನಡುವೆ ಒಂದು ಸೂಕ್ಷ್ಮವನ್ನು ಹಿಡಿದುಕೊಟ್ಟಿತು. ಡಾನ್‌ನ ನಿಜವಾದ ಆಸ್ತಿ ಅವನ ತಿಜೋರಿಯಲ್ಲಿಲ್ಲ. ಎಷ್ಟು ಜನ ನ್ಯಾಯಾಧೀಶರು, ಎಷ್ಟು ಜನ ಪೊಲೀಸರು, ಎಷ್ಟು ಜನ ರೊಟ್ಟಿ ಅಂಗಡಿಯವರು, ಶವಸಂಸ್ಕಾರದವರು ಅವನಿಗೆ ಕಟ್ಟುಬಿದ್ದಿದ್ದಾರೆಂಬುದೇ ಅವನ ಆಸ್ತಿ. ಇದಕ್ಕೆ ಇಂಗ್ಲಿಷಿನಲ್ಲಿ ಒಂದೇ ಶಬ್ದವನ್ನು ಹುಡುಕುವುದು ಕಷ್ಟ. ಕನ್ನಡದಲ್ಲಿ ಹುಡುಕಬೇಕಾಗಿಯೇ ಇಲ್ಲ. ಅದು ಹಂಗು.

ಸಾಲಕ್ಕೂ ಹಂಗಿಗೂ ಇರುವ ಅಂತರವನ್ನು ಸಂಸಾರಸ್ಥರಿಗೆ ವಿವರಿಸಿ ಹೇಳಬೇಕೆ? ಸಾಲಕ್ಕೆ ಅಂಕೆಯುಂಟು, ಬಡ್ಡಿಯುಂಟು, ವಾಯಿದೆಯುಂಟು. ತೀರಿಸಿದ ದಿನ ಕಾಗದವನ್ನು ಹರಿದು ತಲೆಯೆತ್ತಿ ನಡೆಯಬಹುದು. ಹಂಗಿಗೆ ಇದಾವುದೂ ಇಲ್ಲ. ಕೊಟ್ಟವನು ಮರೆತರೂ ಪಡೆದವನು ಮರೆಯಲಾರ; ಪಡೆದವನು ಮರೆತರೆ ಕೊಟ್ಟವನು ಬಿಡಲಾರ. ತಮಾಷೆಯೆಂದರೆ, ಈ ಕಾದಂಬರಿಯನ್ನು ಬರೆಯುವಾಗ ಪೂಜೊ ತಾನೇ ಸಾಲದಲ್ಲಿ ಮುಳುಗಿದ್ದ. ಮೊದಲಿನ ಎರಡು ಕಾದಂಬರಿಗಳಿಗೆ ವಿಮರ್ಶಕರ ಮೆಚ್ಚುಗೆ ದೊರೆತಿತ್ತಾದರೂ ಹಣ ದೊರೆತಿರಲಿಲ್ಲ. ಬಂಧುಗಳಿಗೆ, ಬ್ಯಾಂಕಿಗೆ, ಜೂಜಿನವರಿಗೆ ಎಲ್ಲ ಸೇರಿ ೨೦,೦೦೦ ಡಾಲರ್ ಬಾಕಿಯಿತ್ತೆಂದು ಅವನೇ ಬರೆದುಕೊಂಡಿದ್ದಾನೆ. ಕಾದಂಬರಿ ಬರೆಯುವವರೆಗೆ ನಿಜವಾದ ಪಾತಕಿ ದೊರೆಯೊಬ್ಬನನ್ನೂ ಕಂಡವನಲ್ಲವೆಂದೂ, ಡಾನ್ ಬಾಯಿ ತೆರೆದಾಗಲೆಲ್ಲ ತನಗೆ ಕೇಳಿಸುತ್ತಿದ್ದುದು ತನ್ನ ತಾಯಿಯ ದನಿಯೆಂದೂ ಒಪ್ಪಿಕೊಂಡಿದ್ದಾನೆ. ಇಟಲಿಯ ನೇಪಲ್ಸ್ ಸೀಮೆಯಿಂದ ವಲಸೆ ಬಂದು, ನ್ಯೂಯಾರ್ಕಿನ ಬಡ ಕೇರಿಯಲ್ಲಿ ಮಕ್ಕಳನ್ನು ಸಾಕಿದ ಹೆಂಗಸು ಆಕೆ. ೧೯೭೨ರಲ್ಲಿ ಕಪೋಲಾ ನಿರ್ದೇಶಿಸಿದ ಚಲನಚಿತ್ರವನ್ನು ಕಂಡು ಬೆರಗಾದವರಿಗೆ ಆ ಗಂಭೀರ ದೊರೆಯ ಹಿಂದೆ ಒಬ್ಬ ಗೃಹಿಣಿ ನಿಂತಿದ್ದಾಳೆಂಬುದು ಹೊಳೆಯುವಂತಿಲ್ಲ.

ಈ ಕಥೆಯನ್ನು ಹಾವೇರಿಯಲ್ಲಿಯೋ ರಾಣೆಬೆನ್ನೂರಿನಲ್ಲಿಯೋ ಕುಳಿತು ಓದುವವನಿಗೆ ಅದು ಪರದೇಶದ ಕಥೆಯೆನಿಸುವುದಿಲ್ಲ. ಹುಬ್ಬಳ್ಳಿಯಿಂದ ದಾವಣಗೆರೆಗೆ ಹೋಗುವ ರೈಲುದಾರಿಯಲ್ಲಿ ಒಂದರ ಬೆನ್ನಿಗೊಂದು ಬರುವ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಪೇಟೆಯ ಊರುಗಳು. ಹಾವೇರಿ ಏಲಕ್ಕಿ ಹಾರಕ್ಕೆ, ಬ್ಯಾಡಗಿ ಮೆಣಸಿನಕಾಯಿಗೆ, ರಾಣೆಬೆನ್ನೂರು ಹತ್ತಿಗೆ, ಬಿತ್ತನೆಯ ಬೀಜಕ್ಕೆ ಹೆಸರಾದವು. ಪೇಟೆಯಿದ್ದಲ್ಲಿ ಸಾಲವೂ ಇದೆ, ಹಂಗೂ ಇದೆ. ಆದರೆ ಪೇಟೆ ಹುಟ್ಟುವುದಕ್ಕೆ ಮೊದಲೇ ಈ ಸೀಮೆಯಲ್ಲಿ ಹಂಗಿನ ದಾಖಲೆಗಳನ್ನು ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದಾರೆ. ಹಾನಗಲ್ಲು, ಬಂಕಾಪುರ, ಹಾವೇರಿಗಳ ಸುತ್ತಿನ ಹಳ್ಳಿಗಳಲ್ಲಿ ಗುಡಿಯ ಗೋಡೆಗೊರಗಿಯೋ, ಕೆರೆಯ ದಂಡೆಯಲ್ಲಿ ಅರ್ಧ ಹೂತೋ ನಿಂತಿರುವ ವೀರಗಲ್ಲುಗಳನ್ನು ಕಾಣದವರಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನಲ್ಲಿ ವಿಮಾನವೇರಿದ ವೀರ, ಮೇಲೆ ದೇವರ ಸನ್ನಿಧಿ. ತುರುಗಳನ್ನು ಕದ್ದೊಯ್ಯುವವರೊಡನೆ ಕಾದಿ ಸತ್ತವನು, ಒಡೆಯನಿಗಾಗಿ ಸತ್ತವನು, ಊರಳಿವಿನಲ್ಲಿ ಸತ್ತವನು—ಇವರೇ ಅವುಗಳ ನಾಯಕರು.

ಹಳಗನ್ನಡದಲ್ಲಿ ಇದಕ್ಕೆ ‘ಜೋಳವಾಳಿ’ ಎಂಬ ಮಾತಿದೆ. ಒಡೆಯನ ಜೋಳವನ್ನುಂಡವನು ಅವನಿಗಾಗಿ ಪ್ರಾಣ ಕೊಡಬೇಕೆಂಬ ಕಟ್ಟಳೆ ಅದು. ಒಡೆಯ ಸತ್ತ ಹೊತ್ತಿಗೆ ತಾನೂ ಸಾಯುವೆನೆಂದು ಮಾತು ಕೊಟ್ಟವನದು ‘ವೇಳೆವಾಳಿ’. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವೊಂದು, ಇಮ್ಮಡಿ ಬಲ್ಲಾಳನ ಮರಣದೊಡನೆ ತನ್ನ ಹೆಂಡತಿ ಹಾಗೂ ಪರಿವಾರದೊಡನೆ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಸ್ಮಾರಕವಾಗಿ ನಿಂತಿದೆ. ಇವರನ್ನು ಹೊಗಳಿ ಬರೆದ ಪುಟಗಳು ಬೇಕಾದಷ್ಟಿವೆ. ಆದರೆ ಆ ಪರಿವಾರದಲ್ಲಿದ್ದ ಒಬ್ಬನಿಗಾದರೂ ಬದುಕುವ ಮನಸ್ಸಿತ್ತೇ ಎಂಬ ಪ್ರಶ್ನೆಗೆ ಕಂಬದಲ್ಲಿ ಉತ್ತರವಿಲ್ಲ. ಇನ್ನು ಜೋಳವಾಳಿಯ ಪರಮೋದಾಹರಣೆಯೆಂದರೆ ೯೪೧ರ ಸುಮಾರಿಗೆ ಪಂಪ ಕಟ್ಟಿದ ‘ವಿಕ್ರಮಾರ್ಜುನ ವಿಜಯ’ದ ಕರ್ಣ. ತನ್ನ ಹುಟ್ಟಿನ ರಹಸ್ಯ ತಿಳಿದು, ಎದುರು ಪಕ್ಷದವರೇ ಒಡಹುಟ್ಟಿದವರೆಂದು ಗೊತ್ತಾದ ಮೇಲೆಯೂ ಅವನು ಉಂಡ ಮನೆಯನ್ನು ಬಿಡಲಿಲ್ಲ. ಪೂಜೊನ ಕಾದಂಬರಿಯಲ್ಲಿ ಡಾನ್ ಮನೆಯಲ್ಲಿಟ್ಟು ಸಾಕಿದ ಟಾಮ್ ಹೇಗನ್ ಎಂಬ ವಕೀಲನಿದ್ದಾನೆ; ರಕ್ತಸಂಬಂಧಿಯಲ್ಲ, ಸಿಸಿಲಿಯವನೂ ಅಲ್ಲ, ಆದರೂ ಮಕ್ಕಳಿಗಿಂತ ಹೆಚ್ಚಿನ ನಿಷ್ಠೆಯವನು. ಕನ್ನಡ ವಾಚಕನು ಅವನನ್ನು ಕಂಡೊಡನೆ ಗುರುತಿಸುತ್ತಾನೆ.

ಮನೆತನಗಳ ಹಗೆ, ಅಧಿಕಾರ, ನಿಷ್ಠೆಗಳನ್ನು ಕನ್ನಡ ಕಾದಂಬರಿಗೆ ತಂದವರಲ್ಲಿ ಮೊದಲಿಗರೊಬ್ಬರು ಹಾವೇರಿಯ ನೆಲದವರೇ ಎಂಬುದನ್ನು ಇಂದಿನ ತರುಣರು ಮರೆತಿದ್ದಾರೆ. ವರದಾ ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ೧೮೬೯ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು ಊರ ಹೆಸರಿನಿಂದಲೇ ಗಳಗನಾಥರೆಂದು ಪ್ರಸಿದ್ಧರಾದರು. ವೃತ್ತಿಯಿಂದ ಶಾಲಾಮಾಸ್ತರರು. ಹಾವೇರಿಯ ಸಮೀಪದ ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ಯನ್ನು ನಡೆಸಿದವರು. ಮರಾಠಿಯ ಪುಸ್ತಕಗಳೇ ಓದುಗರ ಕೈಯಲ್ಲಿದ್ದ ಕಾಲದಲ್ಲಿ ಕನ್ನಡ ಕಾದಂಬರಿಗಳನ್ನು ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ೧೯೪೨ರಲ್ಲಿ ಅವರು ತೀರಿಕೊಂಡರು. ಹರಿ ನಾರಾಯಣ ಆಪಟೆಯವರ ಮರಾಠಿ ‘ವಜ್ರಾಘಾತ’ವನ್ನು ಆಧರಿಸಿ ಗಳಗನಾಥರು ಕೊಟ್ಟ ‘ಕನ್ನಡಿಗರ ಕರ್ಮಕಥೆ’ಯ ವಸ್ತು ವಿಜಯನಗರದ ಪತನ.

ನ್ಯೂಯಾರ್ಕಿನ ಐದು ಪಾತಕಿ ಮನೆತನಗಳನ್ನು ಪೂಜೊ ಚಿತ್ರಿಸಿದ. ದಖ್ಖನಿನಲ್ಲಿಯೂ ಐದು ಮನೆತನಗಳಿದ್ದವು: ಬಿಜಾಪುರದ ಆದಿಲಶಾಹಿ, ಅಹಮದನಗರದ ನಿಜಾಮಶಾಹಿ, ಗೋಲ್ಕೊಂಡದ ಕುತುಬಶಾಹಿ, ಬೀದರದ ಬರೀದಶಾಹಿ, ಬೇರಾರಿನ ಇಮಾದಶಾಹಿ. ಇವುಗಳ ಆಚೆಗೆ, ಇವೆಲ್ಲಕ್ಕಿಂತ ಸಿರಿವಂತವಾದ ಆರನೆಯ ಮನೆ ವಿಜಯನಗರ. ರಾಜರನ್ನು ಪಾತಕಿಗಳೊಡನೆ ಹೋಲಿಸುವುದು ಉಚಿತವೇ ಎಂದು ಕೆಲವರು ಹುಬ್ಬೇರಿಸಿಯಾರು. ಕಿರೀಟವನ್ನು ತೆಗೆದಿಟ್ಟು ವ್ಯವಹಾರವನ್ನಷ್ಟೇ ನೋಡಿದರೆ ಹೋಲಿಕೆ ತಾನಾಗಿಯೇ ಕಾಣುತ್ತದೆ. ಅಳಿಯ ರಾಮರಾಯನಿಗೆ ಸಿಂಹಾಸನದ ಹಕ್ಕಿರಲಿಲ್ಲ; ಹಕ್ಕಿದ್ದ ಸದಾಶಿವರಾಯನನ್ನು ಕೈಯಳತೆಯಲ್ಲಿಟ್ಟುಕೊಂಡು ಆಳಿದವನು ಅವನು. ಅವನ ರಾಜನೀತಿಯೂ ಹಂಗಿನ ಮೇಲೆಯೇ ನಿಂತಿತ್ತು. ಗೋಲ್ಕೊಂಡದ ರಾಜಕುಮಾರ ಇಬ್ರಾಹಿಂ ಕುತುಬಶಹನು ಅಣ್ಣನಿಗೆ ಹೆದರಿ ಓಡಿ ಬಂದಾಗ ವಿಜಯನಗರ ಅವನಿಗೆ ಏಳು ವರ್ಷ ಆಶ್ರಯ ಕೊಟ್ಟಿತು. ೧೫೫೦ರಲ್ಲಿ ಅವನು ಗೋಲ್ಕೊಂಡದ ಗದ್ದುಗೆಯೇರಿದ. ರಾಮರಾಯನಿಗೆ ಪುತ್ರವಿಯೋಗವಾದಾಗ ಬಿಜಾಪುರದ ಅಲಿ ಆದಿಲಶಹನು ತಾನೇ ವಿಜಯನಗರಕ್ಕೆ ಬಂದು ಸಾಂತ್ವನ ಹೇಳಿದನೆಂದೂ, ರಾಮರಾಯನ ಪತ್ನಿ ಅವನನ್ನು ಮಗನೆಂದು ಸ್ವೀಕರಿಸಿದಳೆಂದೂ ಇತಿಹಾಸಕಾರ ಫೆರಿಸ್ತಾ ಬರೆದಿದ್ದಾನೆ. ಹೀಗೆ ಒಬ್ಬನಿಗೆ ಅನ್ನ, ಇನ್ನೊಬ್ಬನಿಗೆ ಮಗನ ಸ್ಥಾನ! ಅಹಮದನಗರದವನ ಮೇಲೆ ಬಿಜಾಪುರದವನನ್ನು, ಬಿಜಾಪುರದವನ ಮೇಲೆ ಗೋಲ್ಕೊಂಡದವನನ್ನು ಛೂಬಿಟ್ಟು, ಪ್ರತಿಸಲವೂ ತನ್ನ ನೆರವಿಗೆ ಬೆಲೆ ಕಟ್ಟಿಸಿಕೊಳ್ಳುವುದು ರಾಮರಾಯನ ಪದ್ಧತಿಯಾಯಿತು.

ಆದರೆ ಹಂಗಿಗೊಳಗಾದವರೆಲ್ಲ ಒಟ್ಟಾಗಿ ಕುಳಿತು ಲೆಕ್ಕ ಹಾಕುವ ದಿನವೊಂದು ಬಂದೇ ಬರುತ್ತದೆ. ಆ ದಿನ ಪಾತಕಿಗಳ ಕಾದಂಬರಿಗಳಲ್ಲಿ ಬರುವುದು ಸಾಮಾನ್ಯವಾಗಿ ಮದುವೆಯ ರೂಪದಲ್ಲಿ. ಇಲ್ಲಿಯೂ ಹಾಗೆಯೇ ಆಯಿತು. ಅಹಮದನಗರದ ಹುಸೇನ ನಿಜಾಮಶಹನು ತನ್ನ ಮಗಳು ಚಾಂದಬೀಬಿಯನ್ನು ಅಲಿ ಆದಿಲಶಹನಿಗೆ ಕೊಟ್ಟು, ಎರಡು ಮನೆಗಳೂ ಬಹುಕಾಲದಿಂದ ಕಾದಾಡುತ್ತಿದ್ದ ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಬಿಟ್ಟುಕೊಟ್ಟನು. ಅಲಿಯ ತಂಗಿ ಹುಸೇನನ ಮಗನ ಮನೆ ತುಂಬಿದಳು. ೧೫೬೫ರ ಜನವರಿಯಲ್ಲಿ ಕೃಷ್ಣೆಯ ದಂಡೆಯ ಮೇಲೆ ಬೇರಾರೊಂದನ್ನುಳಿದು ನಾಲ್ಕು ಮನೆಗಳು ಒಂದಾಗಿ ನಿಂತಾಗ, ವಿಜಯನಗರದ ಅನ್ನವುಂಡವನೂ ಮಗನೆನಿಸಿಕೊಂಡವನೂ ಎದುರು ಪಾಳೆಯದಲ್ಲಿದ್ದರು. ಎರಡು ವರ್ಷಗಳ ತರುವಾಯ ಪಾಳು ವಿಜಯನಗರವನ್ನು ಕಂಡ ವೆನಿಸಿನ ವರ್ತಕ ಸೀಸರ್ ಫೆಡರಿಚಿ, ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ನಾಯಕರು ಯುದ್ಧದ ನಡುವೆ ಪಕ್ಷಾಂತರ ಮಾಡಿದುದರಿಂದಲೇ ಸೋಲಾಯಿತೆಂದು ಬರೆದಿಟ್ಟಿದ್ದಾನೆ.

ಇದನ್ನು ಧರ್ಮ ಧರ್ಮಗಳ ಕಾಳಗವೆಂದು ಸಾರುವುದು ಸುಲಭ. ಬಹಳ ಜನ ಹಾಗೆಯೇ ಸಾರಿದ್ದಾರೆ. ಆ ಬಗೆಯ ಮಾತು ‘ಕರ್ಮಕಥೆ’ಯಲ್ಲಿಯೂ ಇಲ್ಲವೆನ್ನಲಾಗದು. ಆದರೆ ಕಾದಂಬರಿಯ ಜೀವವಿರುವುದು ಬೇರೆ ಕಡೆ. ರಾಮರಾಜನು ಯೌವನದಲ್ಲಿ ಪ್ರೀತಿಸಿ ಕೈಬಿಟ್ಟ ಮೆಹರ್ಜಾನಳ ಮಗ ರಣಮಸ್ತಖಾನ. ತನ್ನ ತಂದೆ ಯಾರೆಂಬುದನ್ನರಿಯದೆ ಬೆಳೆದು ಅವನು ರಾಮರಾಜನಿಗೇ ಮೃತ್ಯುವಾಗುತ್ತಾನೆ. ಇತಿಹಾಸದಲ್ಲಿ ಇಂಥ ಮಗನಿಲ್ಲ. ಅವನು ಕಾದಂಬರಿಯ ಸೃಷ್ಟಿ. ಆದರೇನು? ಸಾಮ್ರಾಜ್ಯದ ಪತನಕ್ಕೆ ಕಾರಣವನ್ನು ಫಿರಂಗಿಗಳಲ್ಲಿ ಹುಡುಕದೆ, ತೀರಿಸದೆ ಬಿಟ್ಟ ಒಂದು ಹಳೆಯ ಋಣದಲ್ಲಿ ಹುಡುಕುವುದು ಕಾದಂಬರಿಕಾರನ ಬುದ್ಧಿ. ಅದು ಪಂಪನ ಕರ್ಣನ ಕಥೆಯನ್ನು ತಿರುವಿಹಾಕಿದಂತೆಯೂ ಇದೆ: ಕರ್ಣ ಹುಟ್ಟನ್ನರಿತೂ ಅನ್ನಕ್ಕೆ ನಿಷ್ಠನಾದ, ರಣಮಸ್ತಖಾನ ಹುಟ್ಟನ್ನರಿಯದೆ ಹಗೆಗೆ ನಿಷ್ಠನಾದ. ಶೈಲಿ ಇಂದಿನವರಿಗೆ ಭಾರವೆನಿಸಬಹುದು, ನಡುನಡುವೆ ಬರುವ ನೀತಿಬೋಧೆ ದೀರ್ಘವೆನಿಸಬಹುದು. ಕಥೆಯ ಬಿಗುವು ಮಾತ್ರ ಸಡಿಲಿಲ್ಲ.

ಅರಮನೆಯಿಂದ ಬೀದಿಗಿಳಿದರೆ ಉತ್ತರ ಕರ್ನಾಟಕದ ಜನ ಇದೇ ವಸ್ತುವನ್ನು ರಾತ್ರಿಯೆಲ್ಲ ಕುಳಿತು ನೋಡಿದ್ದು ‘ಸಂಗ್ಯಾ ಬಾಳ್ಯಾ’ ಸಣ್ಣಾಟದಲ್ಲಿ. ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದನ್ನೇ ಆಧರಿಸಿ ಕಟ್ಟಿದ ಆಟವೆಂದು ಅದರ ಪ್ರತೀತಿ. ಸಿರಿವಂತ ತರುಣ ಸಂಗ್ಯಾ, ಅವನ ಜೀವದ ಗೆಳೆಯ ಬಾಳ್ಯಾ, ಸಂಗ್ಯಾನ ಮನಸೋತ ಗಂಗಾ, ಅವಳ ಗಂಡ ಈರಣ್ಣ ಮತ್ತು ಅವನ ತಮ್ಮಂದಿರು, ಇಷ್ಟೇ ಪಾತ್ರವರ್ಗ. ಮನೆತನದ ಮಾನ ಹೋಯಿತೆಂದು ಅಣ್ಣತಮ್ಮಂದಿರು ಕೊಲೆಗೆ ಸಿದ್ಧರಾಗುತ್ತಾರೆ. ಆದರೆ ಸಂಗ್ಯಾ ಅವರ ಕೈಗೆ ಸಿಗಬೇಕಲ್ಲ? ಅವನನ್ನು ತಂದೊಪ್ಪಿಸುವವನು ಬಾಳ್ಯಾನೇ. ಬೆದರಿಕೆಗೆ ಮಣಿದನೋ ಆಸೆಗೆ ಬಿದ್ದನೋ ಎಂಬುದನ್ನು ಆಟ ಕಟ್ಟಿದವರು ತಮ್ಮ ತಮ್ಮ ರೀತಿಯಲ್ಲಿ ಹಿಗ್ಗಿಸಿಯೋ ಕುಗ್ಗಿಸಿಯೋ ತೋರಿಸುತ್ತಾರೆ. ನೋಡುವವರ ಕರುಳು ಹಿಂಡುವುದು ಸಂಗ್ಯಾನ ಸಾವಿಗಿಂತ ಹೆಚ್ಚಾಗಿ ಗೆಳೆಯನ ಹಿಂದೆ ಅನುಮಾನಿಸದೆ ಅವನು ಹೊರಡುವ ಕ್ಷಣ. ‘ಗಾಡ್‌ಫಾದರ್’ ಕಾದಂಬರಿಯಲ್ಲಿಯೂ ಡಾನ್ ತೀರಿಕೊಂಡ ಮೇಲೆ ಅವನ ಮಗನನ್ನು ಬಲೆಗೆ ಕೆಡಹಲು ಸಂಚು ಹೂಡುವವನು ಹಳೆಯ ಬಂಟ ಟೆಸಿಯೋ. ತಾನು ಮಾಡಿದ್ದು ಬರಿಯ ವ್ಯಾಪಾರ, ವೈಯಕ್ತಿಕ ದ್ವೇಷವೇನೂ ಇರಲಿಲ್ಲವೆಂದು ಅವನು ಸಾಯುವ ಮುನ್ನ ಹೇಳಿ ಕಳುಹಿಸುತ್ತಾನೆ. ಬಾಳ್ಯಾನಿಗೆ ಅಂಥ ಮಾತು ತೋಚುವುದಿಲ್ಲ. ಈ ವಿಷಯದಲ್ಲಿ ಜನಪದ ಕವಿಯೇ ಪೂಜೊನಿಗಿಂತ ಮಿಗಿಲೆನ್ನಬೇಕು. ದ್ರೋಹಕ್ಕೆ ಸಮರ್ಥನೆಯನ್ನು ಅವನು ಒದಗಿಸಲಿಲ್ಲ.

ಬೆಂಗಳೂರಿನ ಭೂಗತ ಜಗತ್ತು ಕನ್ನಡದ ಚಿತ್ರರಂಗಕ್ಕೂ ಪುಸ್ತಕಗಳಿಗೂ ಒದಗಿಸಿದ ಸರಕಿನ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಉಪೇಂದ್ರ ನಿರ್ದೇಶಿಸಿದ ‘ಓಂ’ ೧೯೯೫ರಲ್ಲಿ ಬಂದು ಇಂದಿಗೂ ಮರುಬಿಡುಗಡೆಯಾಗುತ್ತಲೇ ಇರುತ್ತದೆ. ಅಗ್ನಿ ಶ್ರೀಧರರ ‘ದಾದಾಗಿರಿಯ ದಿನಗಳು’ ಕೃತಿಯಿಂದ ೨೦೦೭ರಲ್ಲಿ ‘ಆ ದಿನಗಳು’ ಚಿತ್ರ ಮೂಡಿತು. ಕತ್ತಿ ಹಿಡಿದವರ ಶೌರ್ಯವನ್ನು ತರುಣರು ಬಾಯಿಪಾಠ ಮಾಡುತ್ತಾರೆ. ಅದಕ್ಕಿಂತ ಕುತೂಹಲಕರವಾದ ಪ್ರಶ್ನೆ ಬೇರೊಂದಿದೆ: ಇಂಥ ಮನೆತನಗಳು ಹುಟ್ಟುವುದೇತಕ್ಕೆ?

ಸಿಸಿಲಿಯ ಚರಿತ್ರೆ ಇದಕ್ಕೆ ಕೊಡುವ ಉತ್ತರ ಬ್ಯಾಡಗಿಯವರ ಕಿವಿಗೆ ಬೀಳಬೇಕಾದಂಥದು. ಆ ದ್ವೀಪದಲ್ಲಿ ಪಾಳೆಯಗಾರಿ ಪದ್ಧತಿ ೧೮೧೨ರಲ್ಲಿ ಕಾಗದದ ಮೇಲೆ ರದ್ದಾಯಿತು. ೧೮೬೦ರಲ್ಲಿ ಗ್ಯಾರಿಬಾಲ್ಡಿ ಬಂದು ಅದು ಇಟಲಿಯೊಡನೆ ಕೂಡಿತು. ಹಳೆಯ ಒಡೆಯರು ಹೋದರು, ಹೊಸ ಪೊಲೀಸರು ನೆಲೆಯೂರಲಿಲ್ಲ. ಅದೇ ಕಾಲಕ್ಕೆ ಪಲೆರ್ಮೋ ಪಟ್ಟಣದ ಸುತ್ತಲಿನ ನಿಂಬೆಯ ತೋಟಗಳಿಗೆ ಬಂಗಾರದ ಬೆಲೆ ಬಂದಿತ್ತು. ಸ್ಕರ್ವಿ ಎಂಬ ರೋಗಕ್ಕೆ ನಿಂಬೆಯ ರಸವೇ ಮದ್ದೆಂದು ಇಂಗ್ಲಿಷರ ನೌಕಾಪಡೆ ಕಂಡುಕೊಂಡಿದ್ದರಿಂದ ಹಡಗುಗಟ್ಟಲೆ ನಿಂಬೆ ಹೊರದೇಶಕ್ಕೆ ಹೋಗುತ್ತಿತ್ತು. ನಿಂಬೆಯ ತೋಟಕ್ಕೆ ನೀರು ಬೇಕು, ಗೋಡೆ ಬೇಕು, ವರ್ಷಾನುಗಟ್ಟಲೆ ಕಾಯಬೇಕು. ಆದರೆ ಹಣ್ಣನ್ನು ಒಂದೇ ರಾತ್ರಿಯಲ್ಲಿ ಕದ್ದೊಯ್ಯಬಹುದು. ಕಾಯುವವನು ಬೇಕಾದನು. ಕಾಯುವವನಿಗೆ ಕೂಲಿ ಕೊಡದಿದ್ದರೆ ಅವನೇ ಕಳ್ಳನಾದನು. ಮಾಫಿಯಾ ಬೇರುಬಿಟ್ಟಿದ್ದು ಇಂಥ ತೋಟಗಳಲ್ಲಿ ಎಂದು ಅರ್ಥಶಾಸ್ತ್ರಜ್ಞರು ವಾದಿಸಿದ್ದಾರೆ.

ಬ್ಯಾಡಗಿಯ ಮೆಣಸಿನಕಾಯಿಯೂ ಅಂಥದೇ ಬೆಲೆಬಾಳುವ ಸರಕು. ಖಾರ ಕಡಿಮೆ, ಕೆಂಪು ಹೆಚ್ಚು. ಅಡುಗೆಗಷ್ಟೇ ಅಲ್ಲದೆ ಅದರಿಂದ ತೆಗೆದ ಬಣ್ಣಕ್ಕಾಗಿಯೂ ದೇಶವಿದೇಶಗಳಲ್ಲಿ ಬೇಡಿಕೆಯಿದೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಡಬ್ಬಿ, ಕಡ್ಡಿ ಎಂದು ಬಗೆಬಗೆಯ ಕಾಯಿಯ ಚೀಲಗಳು ಹಂಗಾಮಿನಲ್ಲಿ ಲಾರಿಗಟ್ಟಲೆ ಬಂದು ಮಾರುಕಟ್ಟೆಯ ಪ್ರಾಂಗಣದಲ್ಲಿ ಬೆಟ್ಟದಂತೆ ಒಟ್ಟುಗೂಡುತ್ತವೆ. ಆ ದಿನಗಳಲ್ಲಿ ಊರಿನ ಬೀದಿಯಲ್ಲಿ ನಡೆಯುವವನು ಸೀನದೆ ಇರಲಾರ. ರೈತ ತನ್ನ ಚೀಲವನ್ನು ದಲಾಲಿಯ ಅಂಗಡಿಯ ಮುಂದಿಳಿಸಿ ದರ ಗೊತ್ತಾಗುವವರೆಗೆ ಕಾದು ಕೂಡುತ್ತಾನೆ. ಬಿತ್ತನೆಯ ಹೊತ್ತಿಗೆ ಮುಂಗಡ ಹಣ ಕೊಟ್ಟ ಅಂಗಡಿಗೇ ಮಾಲು ತರಬೇಕೆಂಬುದು ಬರೆಯದ ಕಟ್ಟಳೆ. ಅಲ್ಲಿ ಸಾಲವೆಷ್ಟು, ಹಂಗೆಷ್ಟು ಎಂದು ಬಿಡಿಸಿ ನೋಡಿದವರಿಲ್ಲ. ಆದರೂ ಅಲ್ಲಿ ತೂಕದ ಯಂತ್ರವಿದೆ, ಟೆಂಡರಿನ ದರವಿದೆ, ಮಾರುಕಟ್ಟೆ ಸಮಿತಿಯಿದೆ. ಪಲೆರ್ಮೋದ ತೋಟಗಾರನಿಗೆ ಇವಾವುವೂ ಇರಲಿಲ್ಲ.

ಈ ಏರ್ಪಾಡು ಎಷ್ಟು ತೆಳುವಾದುದೆಂಬುದು ೨೦೨೪ರ ಮಾರ್ಚ್ ೧೧ರಂದು ಗೊತ್ತಾಯಿತು. ಮೆಣಸಿನಕಾಯಿಯ ದರ ಏಕಾಏಕಿ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೆ ನುಗ್ಗಿ, ಅಲ್ಲಿದ್ದ ವಾಹನಗಳಿಗೆ ಬೆಂಕಿಯಿಟ್ಟರು. ಬೆಂಕಿಯಿಟ್ಟದ್ದು ಸರಿಯೆಂದು ಯಾರೂ ಹೇಳಲಾರರು. ಆದರೆ ದರ ನಿರ್ಧರಿಸಿದ್ದು ಯಾರು, ಹೇಗೆ ಎಂಬ ಪ್ರಶ್ನೆಗೆ ನಂಬುವಂಥ ಉತ್ತರ ದೊರೆಯದ ಕಡೆ ಎರಡು ದಾರಿಗಳಷ್ಟೇ ಉಳಿಯುತ್ತವೆ: ಒಂದು ಬೆಂಕಿ, ಇನ್ನೊಂದು ಬೊನಾಸೆರಾ ತುಳಿದ ದಾರಿ. ಎರಡನೆಯದು ಸದ್ದು ಮಾಡುವುದಿಲ್ಲ. ಅದರಿಂದಲೇ ಅದು ಹೆಚ್ಚು ದಿನ ಬಾಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಪಾತಕಿ ಮನೆತನಗಳ ಕಥೆ ಸಂಸಾರಸ್ಥರಿಗೆ ಮನರಂಜನೆಯ ವಸ್ತು ಮಾತ್ರ. ಭಾನುವಾರ ಮಧ್ಯಾಹ್ನ ಓದಿ ಮಡಿಚಿಡುವಂಥದು ಎಂದು ಭಾವಿಸುವವರುಂಟು. ಅವರು ೨೦೨೫ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಹೆಂಗಸರು ಮಾಡಿದ ಕೆಲಸವನ್ನು ನೆನೆಯಬೇಕು. ಕಿರುಸಾಲ ಕೊಡುವವರ ವಸೂಲಿಯ ಕಾಟವನ್ನು ತಾಳಲಾರದೆ, ತಮ್ಮ ಮಾಂಗಲ್ಯವನ್ನು ಉಳಿಸಿಕೊಡಿರೆಂದು ಬೇಡಿ, ಅವರು ಮುಖ್ಯಮಂತ್ರಿಗಳಿಗೆ ಅಂಚೆಯ ಮೂಲಕ ತಾಳಿಯನ್ನೇ ಕಳುಹಿಸಿದರು. ನಾಡೆಲ್ಲ ಬೆಚ್ಚಿ ನೋಡಿತು. ಫೆಬ್ರವರಿ ೧೨ರಂದು ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಹೊರಟಿತು. ಅಪರಾಧಿಗೆ ಹತ್ತು ವರ್ಷಗಳವರೆಗೆ ಸೆರೆವಾಸ, ಐದು ಲಕ್ಷ ರೂಪಾಯಿಗಳವರೆಗೆ ದಂಡವೆಂದು ಅದರಲ್ಲಿ ವಿಧಿಸಲಾಯಿತು.

ಈ ಸಾಲಗಳ ಏರ್ಪಾಡನ್ನು ಸ್ವಲ್ಪ ನಿಂತು ನೋಡಬೇಕು. ಒತ್ತೆಯಿಡಲು ಹೊಲವಿಲ್ಲದ, ಒಡವೆಯಿಲ್ಲದ ಹೆಂಗಸರಿಗೆ ಗುಂಪಿನ ಮೇಲೆ ಸಾಲ ಕೊಡುತ್ತಾರೆ. ಒಂದೇ ಓಣಿಯ ಕೆಲವರು ಕೂಡಿ ಒಬ್ಬರಿಗೊಬ್ಬರು ಜಾಮೀನು ನಿಲ್ಲುತ್ತಾರೆ. ಒಬ್ಬಳು ಕಂತು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಏರ್ಪಾಡನ್ನು ಕಂಡುಹಿಡಿದವರು ಬುದ್ಧಿವಂತರು. ಬಡವರ ಬಳಿ ಬೇರೇನಿಲ್ಲದಿದ್ದರೂ ನೆರೆಹೊರೆಯ ನಂಬಿಕೆಯೆಂಬುದೊಂದು ಇದೆಯೆಂದು ಅವರು ಸರಿಯಾಗಿಯೇ ಗ್ರಹಿಸಿದರು. ಇದರಿಂದ ಹೊಲಿಗೆಯಂತ್ರ ಕೊಂಡವರೂ, ಎಮ್ಮೆ ಕಟ್ಟಿದವರೂ, ಮಕ್ಕಳನ್ನು ಓದಿಸಿದವರೂ ಇದ್ದಾರೆ. ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಒಂದು ಸಾಲ ತೀರಿಸಲು ಮತ್ತೊಂದು, ಅದನ್ನು ತೀರಿಸಲು ಮಗುದೊಂದು ಎಂದಾದಾಗ ಒತ್ತೆಯಾಗಿ ಬಿದ್ದದ್ದು ಆ ನಂಬಿಕೆಯೇ. ವಸೂಲಿಯವನು ಕೋವಿ ಹಿಡಿದು ಬರಬೇಕಾಗಿಲ್ಲ. ಉಳಿದ ಜಾಮೀನುದಾರರನ್ನು ಕರೆತಂದು ಕಂತು ಕಟ್ಟದವಳ ಮನೆಯ ಕಟ್ಟೆಯ ಮೇಲೆ ಕೂಡಿಸಿದರೆ ಸಾಕು. ನಿನ್ನೆಯವರೆಗೆ ಹಬ್ಬಕ್ಕೆ ಹೋಳಿಗೆ ಕೊಟ್ಟು, ಬಾಣಂತನಕ್ಕೆ ಬಿಸಿನೀರು ಕಾಸಿದವರೇ ಅಲ್ಲಿ ಕುಳಿತಿರುತ್ತಾರೆ. ಅವರಿಗೂ ಬೇರೆ ದಾರಿಯಿಲ್ಲ, ಅ

ವಳು ಕಟ್ಟದ ಕಂತು ತಮ್ಮ ತಲೆಗೆ ಬರುತ್ತದೆ. ಸಾಲಕ್ಕೆ ಅಂಕೆ, ಬಡ್ಡಿ, ವಾಯಿದೆ ಎಲ್ಲವೂ ಅಚ್ಚಾದ ಪುಸ್ತಕದಲ್ಲಿವೆ; ವಸೂಲಾಗುತ್ತಿರುವುದು ಮಾತ್ರ ಹಂಗಿನ ಬಲದಿಂದ. ಓಣಿಯ ಬಾಳ್ಯಾ ಯಾರು, ಸಂಗ್ಯಾ ಯಾರು ಎಂದು ಆ ಕಟ್ಟೆಯ ಮೇಲೆ ಹೇಳುವುದು ಕಷ್ಟ.

ಕಾನೂನು ವಸೂಲಿಯವನನ್ನು ತಡೆದೀತು. ಪರವಾನಗಿಯಿಲ್ಲದವನನ್ನು ಸೆರೆಗೆ ಹಾಕೀತು. ಕಟ್ಟೆಯಿಂದ ಎದ್ದು ಹೋದ ಆ ನೆರೆಯ ಹೆಂಗಸರು ಮರುದಿನ ನಲ್ಲಿಯ ಬಳಿ ಕೊಡ ಹಿಡಿದು ಒಬ್ಬರ ಹಿಂದೊಬ್ಬರು ನಿಲ್ಲಲೇಬೇಕು.